ಗಾಲಿಯ ಮೇಲೆ ಇಳಿಯದ ವಿಮಾನಗಳು

ಅಂದಾನೆಪ್ಪನವರ ಪಡಸಾಲೆಯಲ್ಲಿ ಬಂದವರಿಗೆ ಕೂಡಲು ಜಾಗ ಇರಲಿಲ್ಲ. ಜಂತಿಗೆ ಕಟ್ಟಿದ ದಾರದಲ್ಲಿ ಒಂದು ರೆಕ್ಕೆ ತೂಗುತ್ತಿತ್ತು, ಇನ್ನೊಂದು ಗೋಡೆಗೆ ಒರಗಿರುತ್ತಿತ್ತು. ಹೊರಸಿನ ಮೇಲೆ ವಿಮಾನದ ಮೈ ಮಲಗಿರುತ್ತಿತ್ತು, ಮನುಷ್ಯರು ನೆಲಕ್ಕೆ ಮಲಗುತ್ತಿದ್ದರು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವರು ಪಾಲಿಶ್ ಕಾಗದ ಹಿಡಿದು ಕಟ್ಟಿಗೆ ಉಜ್ಜಿದರೆ ನನ್ನ ಅಡಿಗೆಮನೆಯಲ್ಲಿ ಕೇಳುತ್ತಿತ್ತು. ಅವರ ಹೆಂಡತಿ ಕೃಷ್ಣವ್ವ ಕೆಮ್ಮಿದರೂ ಕೇಳುತ್ತಿತ್ತು.

ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವರಿಗೆ ವಿಮಾನದ ಅಂದಾನೆಪ್ಪ ಎಂದೇ ಹೆಸರು. ಹುಟ್ಟಿದ್ದು ಸಂಪಗಾಂವದಲ್ಲಿ. ಹದಿನೆಂಟರ ಹುಡುಗ ಇದ್ದಾಗ ತಂದೆಯ ಜೊತೆ ಎತ್ತು ಮಾರಲು ಬೆಳಗಾವಿಗೆ ಹೋಗಿದ್ದರು. ಅಲ್ಲಿ ಒಂದು ಕಡೆ ವಾಯುಸೇನೆಗೆ ಆಳು ತೆಗೆದುಕೊಳ್ಳುತ್ತಿದ್ದರು. ಸಾಲು ಕಂಡು ನಿಂತರಂತೆ. ತಂದೆ ಎತ್ತು ಮಾರಿ ಬರುವಷ್ಟರಲ್ಲಿ ಮಗ ಸರಕಾರದವನಾಗಿದ್ದ. ಒಂದೇ ಸಂತೆಯಲ್ಲಿ ಎತ್ತೂ ಹೋದವು, ಮಗನೂ ಹೋದ ಎಂದು ಅವರ ತಾಯಿ ಸಾಯುವ ತನಕ ಅನ್ನುತ್ತಿದ್ದರಂತೆ.

ಸೇನೆಯಲ್ಲಿ ಅವರು ವಿಮಾನ ಹಾರಿಸಿದವರಲ್ಲ. ವಿಮಾನದ ಮೈ, ರೆಕ್ಕೆ, ಗಾಲಿ ದುರಸ್ತಿ ಮಾಡುವ ಫಿಟ್ಟರ್. ಕಲಿಸುವ ಶೆಡ್ಡಿನಲ್ಲಿ ಹರಿಕೇನ್ ಎಂಬ ಹಳೆಯ ಯುದ್ಧವಿಮಾನ ಒಂದು ಇಂಜಿನ್ ಇಲ್ಲದೆ ನಿಂತಿತ್ತಂತೆ. ಬ್ರಿಟಿಷರ ಕಾಲದ್ದು. ಅದರ ಹಿಂದಿನ ಅರ್ಧ ಮೈಗೆ ತಗಡು ಇರಲಿಲ್ಲ, ಬಟ್ಟೆ ಇತ್ತು. ಹೊಸ ಹುಡುಗರಿಗೆ ಅದರ ಮೇಲೆ ಹೊಲಿಗೆ ಕಲಿಸುತ್ತಿದ್ದರು. "ನಮ್ಮವ್ವ ಊರಾಗ ಕೌದಿ ಹೊಲೀತಿದ್ಲು. ನಾ ಸರಕಾರದ ಪಗಾರ ತಗೊಂಡು ವಿಮಾನಕ್ಕ ಕೌದಿ ಹೊಲೀತಿದ್ದೆ ನೋಡ್ರಿ ಅಕ್ಕಾರ" ಎಂದು ನನಗೆ ಹೇಳುತ್ತಿದ್ದರು.

ಅಲ್ಲಿ ಒಂದು ಕಟ್ಟಳೆ ಇತ್ತು. ತಾನು ಸಜ್ಜು ಮಾಡಿಕೊಟ್ಟ ವಿಮಾನ ಹಾರಿ ಹೋದ ಮೇಲೆ ಫಿಟ್ಟರ್ ಊಟಕ್ಕೂ ಹೋಗುವಂತಿರಲಿಲ್ಲ. ವಿಮಾನ ತಿರುಗಿ ಬರಬೇಕು, ಗಾಲಿಯ ಮೇಲೆ ಇಳಿಯಬೇಕು, ಆಗ ಅವನ ಕೆಲಸ ಮುಗಿಯಿತು. ಇಳಿಯುವ ತನಕ ಕೆಲಸ ಮುಗಿದಿಲ್ಲ. ನೌಕರಿ ಮುಗಿಸಿ ಬಂದು ಬೈಲಹೊಂಗಲದ ಅರಳೆ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳಲು ಸೇರಿದ ಮೇಲೂ ಈ ಮಾತು ಅವರ ತಲೆಯಿಂದ ಹೋಗಲಿಲ್ಲ.

ಅವರ ಹಳೆಯ ಸಾಹೇಬರೊಬ್ಬರು ಬೆಂಗಳೂರಿನಲ್ಲಿದ್ದರು. ತಾವು ಬಳಸಿ ಬಿಟ್ಟ ರೇಡಿಯೋ ಪೆಟ್ಟಿಗೆಯನ್ನೂ ಒಂದು ಸಣ್ಣ ಇಂಜಿನ್ನನ್ನೂ ಇವರಿಗೆ ಕೊಟ್ಟರು. ಪೆಟ್ಟಿಗೆಗೆ ಉದ್ದನೆಯ ಸರಳು, ಹೆಬ್ಬೆರಳಿನಿಂದ ಆಡಿಸುವ ಎರಡು ಕಡ್ಡಿ. ಇಲ್ಲಿ ಕಡ್ಡಿ ಆಡಿಸಿದರೆ ಅಲ್ಲಿ ವಿಮಾನದ ಬಾಲ ಆಡುತ್ತದೆ, ನಡುವೆ ತಂತಿ ಇಲ್ಲ. ಇಂಜಿನ್ ಕುಡಿಯುವುದು ಸ್ಪಿರಿಟ್ಟಿನಲ್ಲಿ ಕಲಸಿದ ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಅಂದಿನಿಂದ ಅವರ ಪಗಾರ, ರಜೆಯ ದಿನಗಳೆಲ್ಲ ಯುದ್ಧವಿಮಾನದ ಪಾಲಾದವು. ಬರೇ ಹಾರುವ ಆಟಿಕೆ ಅವರಿಗೆ ಬೇಕಿರಲಿಲ್ಲ. ನಿಜವಾದ ವಿಮಾನವನ್ನು ಆರನೇ ಒಂದು ಪಾಲು ಮಾಡಿದಂತೆ ಇರಬೇಕು, ಎಲ್ಲವೂ ಲೆಕ್ಕದಲ್ಲಿ ಇರಬೇಕು.

ತೊಂಬತ್ತಮೂರರ ಬೇಸಿಗೆಯಲ್ಲಿ ಅವರು ಒಂದು ರೆಕ್ಕೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ನಾನು ಕುಬಸ ಹೊಲಿದು ಬದುಕುತ್ತಿದ್ದೆ. ಯಜಮಾನರು ಹೋಗಿ ಆಗಲೇ ಬಹಳ ವರ್ಷವಾಗಿತ್ತು. ರೆಕ್ಕೆ ಎಂದರೆ ಕಟ್ಟಿಗೆಯ ಎಲುಬುಗಳ ಸಾಲು, ಅದರ ಮೇಲೆ ಬಟ್ಟೆ. ಬಟ್ಟೆಗೆ ಬಣ್ಣದಂಥ ಒಂದು ನೀರು ಬಳಿಯುತ್ತಾರೆ. ಅದು ಒಣಗುತ್ತ ಬಟ್ಟೆಯನ್ನು ಡೊಳ್ಳಿನ ಚರ್ಮದ ಹಾಗೆ ಬಿಗಿಯುತ್ತದೆ. ಅವರ ಬಟ್ಟೆ ಬಿಗಿದಿತ್ತು, ಆದರೆ ರೆಕ್ಕೆಯೇ ತಿರುಚಿಕೊಂಡಿತ್ತು.

ಕಟ್ಟಿಗೆ ನೆಟ್ಟಗಿದೆ, ಒಣಗಿದ ಮೇಲೆ ಸೊಟ್ಟ ಆಗುತ್ತದೆ, ಯಾಕೆ ಎಂದು ಕೇಳಿದರು. ನಾನು ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆಯ ಹಾಸಿನ ಎಳೆ ರೆಕ್ಕೆಯ ಉದ್ದಕ್ಕೆ ಸರಿಯಾಗಿ ಹೋಗಿರಲಿಲ್ಲ, ಓರೆಯಾಗಿತ್ತು. ಓರೆ ಬಟ್ಟೆ ಒಂದು ಕಡೆ ಹೆಚ್ಚು ಎಳೆಯುತ್ತದೆ. ಕುಬಸದ ತೋಳೂ ಹೀಗೇ ತಿರುಚುತ್ತದೆ ಎಂದೆ. ಇದನ್ನು ತಮಗೂ ಕಲಿಸಿದ್ದರು, ಮರೆತುಹೋಗಿತ್ತು ಎಂದು ಹೇಳಿ ಅಲ್ಲೇ ಕೂತು ಬಟ್ಟೆ ಕಿತ್ತರು.

ಅವರು ತಂದ ಬಟ್ಟೆ ದಪ್ಪ ಕೂಡ ಇತ್ತು. ದಪ್ಪ ಇದ್ದರೆ ಭಾರ, ಭಾರ ಆದರೆ ಏಳುವುದಿಲ್ಲ. ನನ್ನ ಟ್ರಂಕಿನಲ್ಲಿ ಯಜಮಾನರು ತಲೆಗೆ ಸುತ್ತುತ್ತಿದ್ದ ರುಮಾಲುಗಳಿದ್ದವು. ತೆಳ್ಳಗಿನ ಬಿಳಿ ಬಟ್ಟೆ, ಉದ್ದ ಬೇಕಾದಷ್ಟು. ಒಂದನ್ನು ತೆಗೆದುಕೊಟ್ಟೆ. ಕೃಷ್ಣವ್ವನಿಗೆ ಅದು ಸರಿ ಕಾಣಲಿಲ್ಲ. "ಯಕ್ಕಾ, ಅಣ್ಣಾರ ರುಮಾಲ ಇವ್ರ ಆಟಕ್ಕ ಹರದು ಕೊಡತೀಯೇನ?" ಎಂದಳು. ಟ್ರಂಕಿನಲ್ಲಿ ಇಟ್ಟರೂ ಹುಳ ಹರಿಯುವುದೇ ಎಂದು ಹೇಳಿ ಕತ್ತರಿ ಹಾಕಿದೆ.

ಆ ಮೊದಲನೆಯ ವಿಮಾನ ಕಲಕತ್ತೆಯಿಂದ ಪಾರ್ಸೆಲ್ಲಿನಲ್ಲಿ ಬಂದದ್ದು. ಕಲಿಯುವವರಿಗಾಗಿ ಮಾಡಿದ ಸಾದಾ ವಿಮಾನ. ಅಂದಾನೆಪ್ಪನವರು ಅದನ್ನು ಸಾದಾ ಇರಲು ಬಿಡಲಿಲ್ಲ. ಗೋಕಾಕದಿಂದ ಗೊಂಬೆ ಮಾಡುವ ಹಗುರ ಕಟ್ಟಿಗೆ ತಂದು ಬೆನ್ನು ಎತ್ತರಿಸಿದರು. ರೆಕ್ಕೆಗೆ ಪೆನ್ನಿನ ರೀಫಿಲ್ಲಿನ ಬಂದೂಕು ಕೂಡಿಸಿದರು. ಸೂಜಿಯ ತುದಿಯಿಂದ ಅಂಟಿನ ಹನಿ ಇಟ್ಟು ಇಟ್ಟು ಮೊಳೆಯ ತಲೆ ಮಾಡಿದರು. ಒಳಗೆ ಕೂಡುವ ಪೈಲಟ್ಟನಿಗೆ ಒಂದು ಗುಂಡು ಅಡಿಕೆಯೇ ತಲೆ. ಅದಕ್ಕೆ ತಂತಿಯ ಕನ್ನಡಕ ಬೇರೆ.

"ಅಡಿಕಿಗೆ ಚಸಮಾ ಹಾಕೀರಿ. ನನಗೊಂದು ಚಸಮಾ ಮಾಡಿಸ್ರಿ ಅಂದ್ರ ಮುಂದಿನ ತಿಂಗಳ ಅಂತೀರಿ" ಎಂದಳು ಕೃಷ್ಣವ್ವ.

"ಅಂವಾ ವಿಮಾನಾ ಹೊಡ್ಯಾಂವ. ನೀ ಏನ ಹೊಡೀತಿ?" ಎಂದರು ಇವರು.

"ನಿಮ್ಮನ್ನ ಹೊಡೀತೇನ್ರಿ, ಕಣ್ಣು ಸರೀತ್ನಾಗಿ ಕಾಣ್ಲಿ ತಡೀರಿ."

ನಮ್ಮದು ಎರೆಭೂಮಿ. ಜೋಳಕ್ಕೆ, ಹತ್ತಿಗೆ ಒಳ್ಳೆಯದು, ಸಣ್ಣ ಗಾಲಿಗೆ ಒಳ್ಳೆಯದಲ್ಲ. ಸಂಪಗಾಂವದ ಡಾಂಬರು ರಸ್ತೆಯ ಮೇಲಿಂದ ವಿಮಾನ ಚೆಂದಾಗಿ ಎದ್ದಿತು. ಆದರೆ ಇಳಿಯುವಾಗ ರಸ್ತೆ ಸಣ್ಣದು, ಎರಡೂ ಕಡೆ ಗಿಡ, ಬರುವ ಹೋಗುವ ಚಕ್ಕಡಿ. ಹೊಲಕ್ಕೇ ಇಳಿಸಬೇಕಾಯಿತು. ಗಾಲಿ ಮಣ್ಣಿನ ಹೆಂಟೆಗೆ ಸಿಕ್ಕಿತು, ವಿಮಾನ ಪಲ್ಟಿ ಹೊಡೆಯಿತು, ರೆಕ್ಕೆ ಮುರಿಯಿತು. ಹೊಲದ ಯಜಮಾನ ಅಲ್ಲೇ ನಿಂತಿದ್ದ. "ಅಂದಾನೆಪ್ಪಾ, ರೆಂಟಿ ಹೊಡಿಯಾಕ ಇಷ್ಟ ತ್ರಾಸ ಯಾಕ ತಗೊಂಡಿ? ನನ್ನ ಎತ್ತ ಕೊಡತಿದ್ನೆಲ್ಲ" ಎಂದ. ಎಲ್ಲರೂ ನಕ್ಕರು. ಅಂದಾನೆಪ್ಪನವರೂ ನಕ್ಕರು. ಮನೆಗೆ ಬಂದವರೇ ಮುರಿದ ರೆಕ್ಕೆಯ ಬಟ್ಟೆ ಬಿಚ್ಚಲು ಕೂತರು.

ಎರಡನೆಯದನ್ನು ಕಿತ್ತೂರಿಗೆ ಒಯ್ದರು. ಕೋಟೆಯ ಹತ್ತಿರದ ಬಯಲು ಗಟ್ಟಿ ನೆಲ. ಇಳಿಸುವಾಗ ಅಡ್ಡಗಾಳಿ ಎದ್ದು ಕರೆಂಟಿನ ತಂತಿಗೆ ತಗುಲಿತು. ಮೂರನೆಯದನ್ನು ಸವದತ್ತಿಯ ಕಡೆ ಮಲಪ್ರಭೆಯ ಹಿನ್ನೀರಿನ ದಂಡೆಗೆ ಒಯ್ದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಅಲ್ಲಿ ಹಾಸಿದಂಥ ಬಯಲು ಬೀಳುತ್ತದೆ. ಆ ದಿನ ಪೆಟ್ಟಿಗೆಯ ಮಾತು ವಿಮಾನಕ್ಕೆ ಕೇಳಿಸದೆ ಹೋಯಿತು. ಇವರು ಕಡ್ಡಿ ಆಡಿಸುತ್ತಲೇ ಇದ್ದರು, ವಿಮಾನ ನೆಟ್ಟಗೆ ನೀರಿನ ಮೇಲೆ ಹೋಗುತ್ತ ಹೋಗುತ್ತ ಹಕ್ಕಿಯಷ್ಟಾಯಿತು, ಆಮೇಲೆ ಕಾಣದಾಯಿತು. ಮೀನು ಹಿಡಿಯುವವರೊಬ್ಬರಿಗೆ ಕೆಲವು ದಿನದ ಮೇಲೆ ಒಂದು ರೆಕ್ಕೆ ಸಿಕ್ಕಿತು. ಅಂದಾನೆಪ್ಪನವರು ಹೋಗಿ ತಂದರು. ಬಟ್ಟೆ ಹಾಗೇ ಬಿಗಿಯಾಗಿತ್ತು. ಅದನ್ನು ನನಗೆ ತೋರಿಸಿ, ಇದೊಂದು ಉಳಿದಿದೆ ನೋಡಿ ಎಂದರು. ನನಗೆ ಸಂತೋಷ ಆಗಲಿಲ್ಲ. ಮತ್ತೆ ಹೊಲಿಯಬೇಕಲ್ಲ ಎಂದು ಮಾತ್ರ ಅನಿಸಿತು.

ಮೂರು ವಿಮಾನ ಎದ್ದವು, ಒಂದೂ ಗಾಲಿಯ ಮೇಲೆ ಇಳಿಯಲಿಲ್ಲ. ಜನ ಹಾರಿದ್ದನ್ನು ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು. ಇವರಿಗೆ ಹಾರಿದ್ದು ಲೆಕ್ಕಕ್ಕಿರಲಿಲ್ಲ. ಮೂರೂ ಅರ್ಧಕ್ಕೆ ನಿಂತ ಕೆಲಸ.

ಎರಡು ಸಾವಿರದ ಇಸವಿಯಲ್ಲಿ ಹರಿಕೇನ್ ಹಿಡಿದರು. ಪಾರ್ಸೆಲ್ಲಿನದಲ್ಲ, ಮೊದಲಿನಿಂದ ಕೊನೆಯ ತನಕ ತಾವೇ ಮಾಡಿದ್ದು. ಮುಂದಿನ ಭಾಗಕ್ಕೆ ತಗಡಿನಂತೆ ಕಾಣುವ ತೆಳು ಕಟ್ಟಿಗೆ, ಹಿಂದಿನ ಭಾಗಕ್ಕೆ ಬಟ್ಟೆ. ಬಟ್ಟೆಯನ್ನು ಬರೇ ಅಂಟಿಸಿದರೆ ಆಗದು, ನಿಜವಾದದ್ದರ ಹಾಗೆ ಪ್ರತಿ ಎಲುಬಿಗೂ ಹೊಲಿಯಬೇಕು. ಹೊಲಿಗೆ ಹಾಕಿದಲ್ಲೆಲ್ಲ ಒಂದು ಗಂಟು. ಒಂದು ಕಡೆ ದಾರ ಹರಿದರೂ ಉಳಿದದ್ದು ಬಿಚ್ಚಬಾರದು ಅಂತ. ಆ ಗಂಟನ್ನು ಅವರೇ ನನಗೆ ಕಲಿಸಿದರು. ಅವರ ಬೆರಳು ದಪ್ಪ, ಒಳಗೆ ಹೋಗುತ್ತಿರಲಿಲ್ಲ. ಹಗಲು ಗಿರಾಕಿಗಳ ಕುಬಸ, ಇಳಿಹೊತ್ತಿಗೆ ವಿಮಾನ. ಕಣ್ಣು ಉರಿಯುತ್ತಿತ್ತು. ಎರಡು ಸಲ ಹೊಲಿದದ್ದನ್ನು ಅವರೇ ಬಿಚ್ಚಿಸಿದರು. ಹೊಲಿಗೆ ಚೆನ್ನಾಗಿದೆ, ಆದರೆ ಎಲುಬಿನ ನಡುವಿನ ಅಂತರ ಹರಿಕೇನಿನದಲ್ಲ ಎಂದರು. ಬಿಚ್ಚಿದೆ. ಬೇರೆ ಏನು ಮಾಡುವುದು.

ಹರಿಕೇನಿನ ಮೂಗು ಗಿಡ್ಡ. ಅದರಿಂದ ಬಾಲ ಭಾರವಾಗುತ್ತದೆ. ಬಾಲ ಭಾರವಾದ ವಿಮಾನ ಏಳುತ್ತಲೇ ಮುಖ ಮೇಲಕ್ಕೆತ್ತಿ ಬೀಳುತ್ತದೆ. ರೆಕ್ಕೆಯ ಕೆಳಗೆ ಒಂದು ಗೆರೆ ಇದೆ. ಅಲ್ಲಿ ಎರಡು ಬೆರಳು ಕೊಟ್ಟು ಎತ್ತಿದರೆ ತಕ್ಕಡಿಯ ಹಾಗೆ ಸಮ ನಿಲ್ಲಬೇಕು. ಅದಕ್ಕಾಗಿ ಮೂಗಿನಲ್ಲಿ ಸೀಸ ಕರಗಿಸಿ ಹೊಯ್ದರು. ದಾರಕ್ಕೆ ತೂಗು ಹಾಕುವುದು, ನೋಡುವುದು, ಸೀಸ ಕೆರೆಯುವುದು, ಮತ್ತೆ ತೂಗು ಹಾಕುವುದು. ಒಂದು ಮಳೆಗಾಲ ಪೂರ್ತಿ ಇದೇ ಆಯಿತು.

ಬಟ್ಟೆಗೆ ಬಳಿಯುವ ಆ ನೀರಿನ ವಾಸನೆ ಕೃಷ್ಣವ್ವನ ಎದೆಗೆ ಇಳಿಯಿತು. ಮೊದಲು ಬಳಿದ ದಿನ ಮಾತ್ರ ಕೆಮ್ಮುತ್ತಿದ್ದಳು, ಆಮೇಲೆ ಎಲ್ಲ ದಿನ. ಬೆಳಗಾವಿಯ ಡಾಕ್ಟರು ಆ ವಾಸನೆಯಿಂದ ದೂರ ಇರಿ ಎಂದರು. ಅಂದಾನೆಪ್ಪನವರು ಹಿತ್ತಲಿಗೆ ಹೋಗಿ ಬಳಿದರು. ಮಳೆ ಬಂದಾಗ ಒಳಗೆ ತಂದರು, ಹಸಿ ಹತ್ತಿದರೆ ಬಟ್ಟೆ ಬೆಳ್ಳಗಾಗುತ್ತದೆ ಅಂತ. ಒಂದು ದಿನ ಅವಳು ಕೆಮ್ಮಿ ಕೆಮ್ಮಿ ನನ್ನ ಮನೆಗೆ ಬಂದು ಕೂತಳು. ಹಿಂದೆಯೇ ಅವರೂ ಬಂದರು. ಕೈಯಲ್ಲಿ ಕುಂಚ ಇತ್ತು.

"ಯಕ್ಕಾ, ನೀ ಸಾಕ್ಷಿ. ಇವ್ರೊಂದು ಮಾತ ಕೊಟ್ಟಾರ, ನಿನ್ನ ಮುಂದ ಹೇಳ್ಲಿ" ಎಂದಳು.

"ಒಂದ ವಿಮಾನ ಗಾಲಿ ಮ್ಯಾಲೆ ಇಳೀತಂದ್ರ ಬಿಡತೇನ್ರಿ ಅಕ್ಕಾರ. ಪೆಟಗಿ ಸಹಿತ ಕೊಟ್ಟಬಿಡತೇನಿ."

"ಇಳೀಲಿಲ್ಲಂದ್ರ?" ಎಂದಳು ಕೃಷ್ಣವ್ವ.

ಅವರು ಕುಂಚದ ಕಡೆ ನೋಡಿದರು. "ಇಳೀಲಿಲ್ಲಂದ್ರ ಹೆಂಗ ಬಿಡ್ಲಿ? ಕೆಲಸ ಅರ್ಧಾ ಆಗತೈತಿ."

ಕೃಷ್ಣವ್ವನಿಗೂ ಸಾಕಾಗಿತ್ತು. ಅವತ್ತಿನಿಂದ ಆ ವಿಮಾನ ಇಳಿಯಲಿ ಎಂದು ಅವರಿಗಿಂತ ಹೆಚ್ಚು ಅವಳೇ ದೇವರಿಗೆ ಬೇಡಿಕೊಂಡಳು. ಇಳಿಯದಿದ್ದರೆ ಇನ್ನೊಂದು ಶುರುವಾಗುತ್ತದೆ, ಇನ್ನು ನಾಲ್ಕು ವರ್ಷ ಅದೇ ವಾಸನೆ ಕುಡಿಯಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಕೃಷ್ಣವ್ವನ ತವರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಅಲ್ಲಿ ಅವಳ ತಮ್ಮ ನಿಜಗುಣಪ್ಪ ಗೋವಿನಜೋಳ ಒಣಗಿಸಲಿಕ್ಕೆ ದೊಡ್ಡ ಕಣ ಮಾಡಿಸಿದ್ದ. ಕೆಂಪು ಗರಸು ಮಣ್ಣು ಹಾಕಿಸಿ, ನೀರು ಹೊಡೆಸಿ, ರೋಲರ್ ಉರುಳಿಸಿ ನೆಲ ಬಂಡೆಯಂತೆ ಮಾಡಿದ್ದ. ಸುತ್ತ ತಂತಿ ಇಲ್ಲ, ಗಿಡ ಇಲ್ಲ, ಹೆಂಟೆ ಇಲ್ಲ. ಅಂದಾನೆಪ್ಪನವರು ಒಂದು ಮದುವೆಗೆ ಹೋದಾಗ ಅದನ್ನು ನೋಡಿ ಮದುವೆಯ ಊಟ ಮರೆತು ಅಲ್ಲೇ ನಡೆದಾಡಿದರಂತೆ. ಎರಡು ಸಾವಿರದ ನಾಲ್ಕನೇ ಇಸವಿಯ ಶಿವರಾತ್ರಿಯ ಮುಂಚೆ, ಕಣ ಖಾಲಿ ಇದ್ದಾಗ, ಹರಿಕೇನನ್ನು ಒಯ್ಯುವುದೆಂದಾಯಿತು. ಟ್ರ್ಯಾಕ್ಸ್ ಜೀಪಿನಲ್ಲಿ ರೆಕ್ಕೆಗಳನ್ನು ಕೌದಿ ಸುತ್ತಿ ಇಟ್ಟರು, ಮೈಯನ್ನು ಕೃಷ್ಣವ್ವ ತೊಡೆಯ ಮೇಲೆ ಇಟ್ಟುಕೊಂಡಳು. ಹೊಲಿಗೆ ಎಲ್ಲಿಯಾದರೂ ಬಿಟ್ಟರೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಸಾಲಹಳ್ಳಿ ಮುಟ್ಟಿ, ಕಣದ ಬದಿಗೆ ಕೌದಿ ಹಾಸಿ ವಿಮಾನ ಜೋಡಿಸಿದರು. ಬೂದಿ, ಹಸಿರು ಬಣ್ಣದ ಮೈ, ರೆಕ್ಕೆಯ ಮೇಲೆ ಗುಂಡು ಗುರುತು. ನೋಡಲು ಬಂದವರೆಲ್ಲ ಸುತ್ತ ನಿಂತರು. ಅಂದಾನೆಪ್ಪನವರು ಗೆರೆಗೆ ಎರಡು ಬೆರಳು ಕೊಟ್ಟು ಎತ್ತಿದರು. ಸಮ ನಿಂತಿತು. ಮತ್ತೊಮ್ಮೆ ಎತ್ತಿದರು. ಸಮ ನಿಂತಿತು. ಅಷ್ಟರಲ್ಲಿ ನಿಜಗುಣಪ್ಪ ಬಂದು, ಒಳಗೆ ರೊಟ್ಟಿ ಆರುತ್ತಿವೆ, ಉಂಡು ಹಾರಿಸಿ ಎಂದು ಎಬ್ಬಿಸಿಕೊಂಡು ಹೋದ.

ಹಾರಿಸಿದ ಕೂಡಲೇ ಊರಿಗೆ ಹೊರಡುವವರಿದ್ದೆವು. ಹಾಗಾಗಿ ಕೃಷ್ಣವ್ವನಿಗೆ ಆಗಲೇ ಉಡಿ ತುಂಬಿದರು. ತವರಿಗೆ ಬಂದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೋಗಬಾರದು. ಸೆರಗಿಗೆ ಅಕ್ಕಿ, ಅಡಿಕೆ, ಅರಿಷಿಣ ಬೇರು, ಕೊಬ್ಬರಿ ಹಾಕುತ್ತಾರೆ. ಹೋದವಳು ಸುಖವಾಗಿ ತಿರುಗಿ ಬರಲಿ ಅಂತ. ಉಡಿ ತುಂಬುವ ಹೊತ್ತಿಗೆ ನಾನು ಯಾವಾಗಿನಂತೆ ಎದ್ದು ಅಡಿಗೆಮನೆಗೆ ಹೋಗಿ ಉಳಿದ ಹಿಟ್ಟಿನ ರೊಟ್ಟಿ ಬಡಿದೆ.

ಆಗ ಕೃಷ್ಣವ್ವ ಏನು ಮಾಡಿದಳೆಂಬುದು ನಮಗೆ ಆಮೇಲೆ ತಿಳಿಯಿತು. ಆದರೆ ಇಲ್ಲೇ ಹೇಳಿದರೆ ನೆಟ್ಟಗಾಗುತ್ತದೆ. ಗಂಡಸರು ಕೈ ತೊಳೆಯುವಷ್ಟರಲ್ಲಿ ಅವಳು ತುಂಬಿದ ಸೆರಗು ಹಿಡಿದುಕೊಂಡು ಕಣಕ್ಕೆ ಹೋದಳು. ವಿಮಾನದ ಹೊಟ್ಟೆಗೆ ಒಂದು ಮುಚ್ಚಳ ಇದೆ. ಅದನ್ನು ತೆಗೆದು ಒಂದು ಹಿಡಿ ಅಕ್ಕಿ, ಒಂದು ಅಡಿಕೆ, ಒಂದು ಅರಿಷಿಣ ಬೇರು ಒಳಗೆ ಹಾಕಿ ಮುಚ್ಚಿದಳು. ತನ್ನ ತವರಿನಿಂದ ಹೊರಡುವುದಕ್ಕೆ ತನ್ನ ಉಡಿಯಲ್ಲೇ ಪಾಲು ಕೊಟ್ಟಳು. ಅದು ತಿರುಗಿ ಬರಲಿ, ಗಾಲಿಯ ಮೇಲೆ ಇಳಿಯಲಿ, ಈ ಕೆಲಸ ಮುಗಿಯಲಿ ಎಂದು.

ಇಂಜಿನ್ ಎಬ್ಬಿಸಿದರು. ಸುಟ್ಟ ಔಡಲ ಎಣ್ಣೆಯ ವಾಸನೆ ಬಂತು. ವಿಮಾನ ಗರಸಿನ ಮೇಲೆ ಓಡಿತು, ಬಾಲ ಎತ್ತಿತು, ಎದ್ದಿತು. ಎದ್ದದ್ದೇ ಮುಖ ಮೇಲಕ್ಕೆ ಮಾಡಿತು. ಅಂದಾನೆಪ್ಪನವರು ಕಡ್ಡಿ ಮುಂದಕ್ಕೆ ಒತ್ತಿದರು. ಮುಖ ಇಳಿಯಿತು, ಆದರೆ ಬೇಕಾದದ್ದಕ್ಕಿಂತ ಹೆಚ್ಚು ಇಳಿಯಿತು. ಹಿಂದಕ್ಕೆ ಎಳೆದರು, ಮತ್ತೆ ಮೇಲಕ್ಕೆ ನೋಡಿತು. ಜೋಕಾಲಿ ಆಡಿದ ಹಾಗೆ ಹೋಗುತ್ತಿತ್ತು. ಜನ ಅದನ್ನೂ ಆಟ ಎಂದುಕೊಂಡು ಸಿಳ್ಳು ಹಾಕಿದರು. ನಾನು ಅಂದಾನೆಪ್ಪನವರ ಮುಖ ನೋಡಿದೆ. ಬೆವರು ಇಳಿಯುತ್ತಿತ್ತು.

"ಅದರ ಹೊಟ್ಟ್ಯಾಗ ಏನೋ ಉಳ್ಳಾಡಾಕತ್ತೈತಿ" ಎಂದರು, ಯಾರಿಗೂ ಅಲ್ಲ.

ಕೃಷ್ಣವ್ವ ನನ್ನ ಪಕ್ಕ ನಿಂತಿದ್ದಳು. ಆ ಮಾತು ಕೇಳಿ ನನ್ನ ಕೈ ಹಿಡಿದಳು. ನನಗೆ ಯಾಕೆಂದು ತಿಳಿಯಲಿಲ್ಲ. ವಿಮಾನ ಮುಖ ಎತ್ತಿದರೆ ಅಕ್ಕಿ ಬಾಲಕ್ಕೆ ಸರಿಯುತ್ತಿತ್ತು, ಇಳಿಸಿದರೆ ಮೂಗಿಗೆ ಸರಿಯುತ್ತಿತ್ತು. ಬೆರಳ ಮೇಲೆ ಸಮ ನಿಂತದ್ದೆಲ್ಲ ಹಾಳಾಗಿತ್ತು.

ಅವರು ತಿರುವು ಮುರುವು ಆಡಿಸಲಿಲ್ಲ. ಅಗಲವಾಗಿ ಎರಡು ಸುತ್ತು ತಂದು ಇಳಿಸಲು ಹಿಡಿದರು. ಕಡ್ಡಿಯನ್ನು ಕೂದಲೆಳೆಯಷ್ಟೇ ಆಡಿಸುತ್ತಿದ್ದರು. ಒಳಗಿನದು ಸರಿಯುವ ಮೊದಲೇ ಕಡ್ಡಿ ಸರಿಸಬೇಕೆಂಬುದು ಆ ಎರಡು ಸುತ್ತಿನಲ್ಲಿ ಅವರ ಕೈಗೆ ತಿಳಿದಿತ್ತು. ವಿಮಾನ ಕೆಳಗೆ ಬಂತು, ನೆರಳು ಅದರ ಕೆಳಗೆ ಬಂತು, ಎರಡೂ ಕೂಡಿದವು. ಗಾಲಿ ಮುಟ್ಟಿತು. ಕೆಂಪು ಧೂಳು ಎದ್ದಿತು. ವಿಮಾನ ಓಡಿತು. ಓಟ ಸಾವಕಾಶ ಆಗುವಾಗ ಬಾಲ ಮೇಲೆದ್ದಿತು, ಮೂಗು ನೆಲಕ್ಕೆ ಊರಿತು, ಹಾಗೇ ಒಂದು ಗಳಿಗೆ ನೆಟ್ಟಗೆ ನಿಂತು, ಬೆನ್ನ ಮೇಲೆ ಬಿತ್ತು.

ಅವರು ಓಡಲಿಲ್ಲ. ನಡೆದುಕೊಂಡು ಹೋದರು. ಪಂಖ ಮುರಿದಿತ್ತು, ಇಂಜಿನ್ ಕೂಡಿಸಿದ ಹಲಗೆ ಕಿತ್ತು ಬಂದಿತ್ತು. ಹಿಂದಿನ ಮೈಯನ್ನು ಎತ್ತಿದರೆ ಬಟ್ಟೆ ಹರಿದಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ, ಒಳಗಿನ ಕಟ್ಟಿಗೆಯೆಲ್ಲ ಮುರಿದು ಚೀಲದಲ್ಲಿ ಹಾಕಿದ ಪುಳ್ಳೆಯ ಹಾಗೆ ಸಪ್ಪಳ ಮಾಡಿತು. ಅದರ ಜೊತೆ ಇನ್ನೊಂದು ಸಪ್ಪಳವೂ ಇತ್ತು. ಅವರು ಮುಚ್ಚಳ ತೆಗೆದು ಬೋರಲು ಮಾಡಿದರು. ಅಕ್ಕಿ ಸುರಿಯಿತು. ಅಡಿಕೆ ಬಿತ್ತು, ಅರಿಷಿಣ ಬೇರು ಬಿತ್ತು.

ಅಂದಾನೆಪ್ಪನವರು ಅಕ್ಕಿ ನೋಡಿದರು, ಆಮೇಲೆ ಕೃಷ್ಣವ್ವನನ್ನು ನೋಡಿದರು.

"ಬರಿ ಉಡೀಲೆ ಹೋಗಬಾರದಂತ ಹಾಕಿದ್ನ್ರಿ" ಎಂದಳು. "ತಿರಿಗಿ ಬರ್ಲಿ ಅಂತ."

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಲೆಕ್ಕ ಹೇಳುವವರ ದನಿಯಲ್ಲಿ ಹೇಳಿದರು. ಓಟ ನಿಲ್ಲುವಾಗ ಅಕ್ಕಿ ಪೂರಾ ಮೂಗಿಗೆ ಬಂತು, ಅದಕ್ಕೇ ಪಲ್ಟಿ ಆಯಿತು. ಅಕ್ಕಿ ಇಲ್ಲದಿದ್ದರೆ ನಿಲ್ಲುತ್ತಿತ್ತು. ಹಾಗಾಗಿ ಇದು ಇಳಿದದ್ದಲ್ಲ, ಬಿದ್ದದ್ದು. ರೆಕ್ಕೆ ಉಳಿದಿದೆ, ಮೈ ಹೊಸದು ಮಾಡಬೇಕು, ಬಟ್ಟೆ ಹೊಸದು ಹಾಕಬೇಕು, ಬಳಿಯಬೇಕು.

ಬಳಿಯಬೇಕು ಎಂದಾಗ ಕೃಷ್ಣವ್ವ ಅಲ್ಲೇ ಗರಸಿನ ಮೇಲೆ ಕೂತುಬಿಟ್ಟಳು.

ನಿಜಗುಣಪ್ಪ ಅಕ್ಕನನ್ನು ನೋಡಿ ತಡೆಯದೆ ಹೇಳಿದ: "ಮಾಮಾರ, ಇಳಿದದ್ದನ್ನ ಊರ ಮಂದಿ ನೋಡೇತಿ. ನೀವ್ ಹೆಂಗ ಬಿತ್ತು ಅಂತೀರಿ?"

"ಊರ ಮಂದಿ ಹಾರಿದ್ದನ್ನ ನೋಡತೈತಪಾ, ಗಾಲಿ ನೋಡೂದಿಲ್ಲ." ನನ್ನ ಕಡೆ ತಿರುಗಿದರು. "ಅಕ್ಕಾರ, ನೀವು ಹೇಳ್ರಿ. ಇಳೀತೋ, ಬಿತ್ತೋ?"

ಕೃಷ್ಣವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಯಾವ ಮಾತು ಬೇಕೆಂದು ನನಗೆ ಗೊತ್ತಿತ್ತು. ಅವರಿಗೆ ಸುಳ್ಳು ಹೇಳಿದರೆ ತಿಳಿಯುತ್ತದೆ ಎಂಬುದೂ ಗೊತ್ತಿತ್ತು. ನಾನು ಕಂಡದ್ದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ನೋಡಿಕೊಂಡೆ.

"ಇಳೀತು. ಆಮ್ಯಾಲೆ ಬಿತ್ತು" ಎಂದೆ. "ಎರಡೂ ಗಾಲಿ ಒಮ್ಮೆಲೆ ಮುಟ್ಟಿದ್ವು. ಮುಟ್ಟಿ ಎರಡು ಪತ್ತಲ ಸೀರಿ ಹಾಸಿದಷ್ಟು ದೂರ ಓಡೈತಿ. ಬಿದ್ದದ್ದು ಅದರ ಮುಂದ. ಇಳಿದದ್ದು ಬ್ಯಾರೆ, ಬಿದ್ದದ್ದು ಬ್ಯಾರೆ. ಎರಡನ್ನೂ ಕೂಡಸಬ್ಯಾಡ್ರಿ."

"ಎರಡು ಪತ್ತಲ? ಆರು ವಾರಿದೋ, ಒಂಬತ್ತು ವಾರಿದೋ?"

"ಒಂಬತ್ತು ವಾರಿದು."

ಅವರು ಮುರಿದ ಮೈಯನ್ನು ಕೆಳಗಿಟ್ಟು, ವಿಮಾನ ಬಂದ ದಿಕ್ಕಿಗೆ ಹಿಂದಕ್ಕೆ ನಡೆದರು. ಗರಸಿನ ಧೂಳಿನಲ್ಲಿ ಗಾಲಿಯ ಗೆರೆಗಳಿದ್ದವು. ಗೆರೆಯ ಪಕ್ಕ ಪಕ್ಕ ಹೋಗಿ, ಗೆರೆ ಶುರುವಾದಲ್ಲಿ ಮೊಣಕಾಲೂರಿ ಕೂತರು. ಎರಡು ಗೆರೆ ಎರಡು ಕಡೆ ಶುರುವಾಗಿದ್ದರೆ ಒಂದು ಗಾಲಿ ಮೊದಲು ಮುಟ್ಟಿದೆ, ಒಂದು ಆಮೇಲೆ, ಅದು ಒಳ್ಳೆಯ ಇಳಿತ ಅಲ್ಲ. ಬೆರಳಿನಿಂದ ಒಂದು ಗೆರೆಯ ತುದಿ ಮುಟ್ಟಿದರು, ಇನ್ನೊಂದು ಗೆರೆಯ ತುದಿ ಮುಟ್ಟಿದರು. ಬಹಳ ಹೊತ್ತು ಎದ್ದೇಳಲಿಲ್ಲ. ನಿಜಗುಣಪ್ಪ ಕರೆಯಲು ಹೊರಟಿದ್ದ, ನಾನೇ ಬೇಡ ಎಂದೆ.

ಎದ್ದು ಬಂದಾಗ ಮೊಣಕಾಲಿಗೆ ಕೆಂಪು ಮಣ್ಣು ಹತ್ತಿತ್ತು. ಪೆಟ್ಟಿಗೆಯ ಸರಳನ್ನು ಒಂದೊಂದೇ ಗೆಣ್ಣಾಗಿ ಒಳಗೆ ಒತ್ತಿದರು. "ಒಂದ ಕಡೆ ಶುರು ಆಗ್ಯಾವು" ಎಂದರು. ಆಮೇಲೆ ಕೃಷ್ಣವ್ವನಿಗೆ, "ಮುಗೀತು, ಏಳು" ಎಂದರು.

ಅವಳು ಕೂಡಲೇ ಏಳಲಿಲ್ಲ. ಉಡಿಯಕ್ಕಿ ಕಾಲಿಗೆ ತುಳಿಯಬಾರದೆಂದು ಒಂದೊಂದೇ ಕಾಳು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನಾನೂ ಕೂತು ಆರಿಸಿದೆ. ಎಣ್ಣೆಯ ವಾಸನೆ ಹೊಡೆಯುತ್ತಿತ್ತು, ಅದನ್ನು ಬೇಯಿಸಿ ಉಣ್ಣುವಂತಿರಲಿಲ್ಲ. ಬರುವಾಗ ಹಾದಿಯಲ್ಲಿ ಹಳ್ಳಕ್ಕೆ ಬಿಟ್ಟೆವು.

ಅವರು ಮಾತಿಗೆ ತಪ್ಪಲಿಲ್ಲ. ಪೆಟ್ಟಿಗೆ, ಇಂಜಿನ್ನು ಬೆಳಗಾವಿಯವರೊಬ್ಬರ ಪಾಲಾದವು. ಈಗ ಪಡಸಾಲೆಯಲ್ಲಿ ನಾಲ್ಕು ಜನ ಕೂಡಬಹುದು. ಕೃಷ್ಣವ್ವನ ಕೆಮ್ಮು ಅರ್ಧ ಕಡಿಮೆಯಾಗಿದೆ, ಉಳಿದ ಅರ್ಧ ಇನ್ನು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅರಳೆ ಗಿರಣಿಯೂ ನಿಂತಿದೆ. ಅಂದಾನೆಪ್ಪನವರು ಹೊರಸಿನ ಮೇಲೆ ಕೂತಿರುತ್ತಾರೆ. ಗೋಡೆಯ ಆಚೆಯಿಂದ ಸಪ್ಪಳ ಬರುವುದಿಲ್ಲ. ಮೊದಮೊದಲು ಆ ಸುಮ್ಮನಿರುವುದೇ ನನ್ನನ್ನು ಎಬ್ಬಿಸುತ್ತಿತ್ತು.

ಮೊನ್ನೆ ಕೃಷ್ಣವ್ವ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತಳು. ಏನಾದರೂ ಮಾಡಿರಿ ಎಂದು ಇವರಿಗೆ ಅಂದರೆ ಮುಗಿಯಿತಲ್ಲ ಅನ್ನುತ್ತಾರೆ, ಯಾವಾಗ ನೋಡಿದರೂ ಅದೇ ಮಾತು ಎಂದಳು. ಆಮೇಲೆ ಕೇಳಿದಳು: "ಯಕ್ಕಾ, ಖರೇ ಹೇಳು. ಅದು ಇಳಿದಿತ್ತೇನ? ಇಲ್ಲಾ ನನ್ನ ಸಲುವಾಗಿ ಅಂದಿಯೇನ?"

"ಇಳಿದಿತ್ತವ್ವಾ" ಎಂದೆ. "ನಿನ್ನ ಸಲುವಾಗಿ ಅಂದಿದ್ರ ಬಿತ್ತು ಅನ್ನೂದನ್ನ ಬಿಡತಿದ್ನೆಲ್ಲ."

ಅವಳು ತಲೆ ಅಲ್ಲಾಡಿಸಿದಳು. ಒಪ್ಪಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವರಿಗೆ ಚಹಾದ ಹೊತ್ತಾಯಿತು ಎಂದು ಮೊಣಕಾಲು ಹಿಡಿದುಕೊಂಡು ಎದ್ದು ಹೋದಳು.